ಮಾವನ ಕಿವಿಗೆ ಎರಡು ಸುತ್ತು ತಂತಿ

ಜಲಜಾಕ್ಷಿಯ ಮನೆಯಲ್ಲಿ ಕಳೆದುಹೋದ ಪೆನ್ನುಗಳೆಲ್ಲ ಒಂದಲ್ಲ ಒಂದು ದಿನ ಮೈತುಂಬ ತಾಮ್ರದ ತಂತಿ ಸುತ್ತಿಕೊಂಡು ಸಿಗುತ್ತಿದ್ದವು. ಪೆನ್ನು ಮಾತ್ರವಲ್ಲ, ಲಟ್ಟಣಿಗೆಯ ಹಿಡಿ, ಪೌಡರಿನ ಖಾಲಿ ಡಬ್ಬಿ, ಪ್ಲಂಬರ್ ಬಿಟ್ಟುಹೋದ ಪೈಪಿನ ತುಂಡು, ದುಂಡಗಿದ್ದದ್ದು ಯಾವುದೂ ಆ ಮನೆಯಲ್ಲಿ ಬಹಳ ಕಾಲ ಬರಿಮೈಯಲ್ಲಿ ಉಳಿಯುತ್ತಿರಲಿಲ್ಲ. "ನಾನೊಬ್ಬ ತಪ್ಪಿಸಿಕೊಂಡಿದ್ದೇನೆ. ನನ್ನ ಹೊಟ್ಟೆಗೆ ಸುತ್ತುವಷ್ಟು ತಂತಿ ಇಡೀ ಕಲ್ಯಾಣದಲ್ಲಿ ಸಿಗಲಿಲ್ಲ ಅಂತ" ಎಂದು ಗಂಡ ದೇಜಪ್ಪ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಜಲಜಾಕ್ಷಿ ನಗುತ್ತಿರಲಿಲ್ಲ. ಅದೇ ಮಾತನ್ನು ಅವಳು ಎಷ್ಟು ಜನರಿಗೆ ಚಹಾ ಕೊಡುತ್ತಾ ಕೇಳಿದ್ದಳೋ.

ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ರೈಲು ಹಳಿಗೆ ಬೆನ್ನು ಹಾಕಿ ನಿಂತ ಹಳೆಯ ಸೊಸೈಟಿ ಅವರದು. ಮೂರನೇ ಮಾಳಿಗೆಯಲ್ಲಿ ಒಂದು ಹಾಲ್, ಒಂದು ಕೋಣೆ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಜಲಜಾಕ್ಷಿ ಥಾಣೆಯ ಒಂದು ಕೊರಿಯರ್ ಆಫೀಸಿನಲ್ಲಿ ಬಿಲ್ ಮಾಡುತ್ತಿದ್ದಳು. ದೇಜಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್, ಗುರುವಾರ ರಜೆ. ಮಗಳು ನಿಕಿತಾ ಕಾಲೇಜಿಗೆ ಹೋಗುತ್ತಿದ್ದಳು. ಮನೆಯ ತುಳು, ಕನ್ನಡ ಎರಡೂ ಅವಳಿಗೆ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತಿತ್ತು. ಹಾಲಿನ ಕಿಟಕಿಯ ಬಳಿಯ ಕುರ್ಚಿ ದೇಜಪ್ಪನ ತಂದೆ ಅಂಗಾರ ಅವರದು. ಅವರಿಗೆ ಎಂಬತ್ತು ದಾಟಿತ್ತು.

ಜಲಜಾಕ್ಷಿ ಹುಟ್ಟಿದ್ದು ಶಂಕರಪುರದಲ್ಲಿ, ಮಲ್ಲಿಗೆಯ ಊರಿನಲ್ಲಿ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಗಾಡಿ ಹೊರಡುವಷ್ಟರಲ್ಲಿ ಮುಗಿಸಬೇಕು. ಅಲ್ಲಿಯ ಹುಡುಗಿಯರಿಗೆ ಕಣ್ಣು ಮುಚ್ಚಿದರೂ ಬೆರಳು ನಿಲ್ಲುವುದಿಲ್ಲ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಆ ಬೆರಳುಗಳಿಗೆ ಕೆಲಸವಿಲ್ಲದೆ, ಲೋಕಲ್ ಟ್ರೈನ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತಲ್ಲಿ ಅವು ದುಪಟ್ಟದ ಅಂಚನ್ನು ಮಡಚಿ ಬಿಡಿಸಿ ಮಡಚಿ ವರ್ಷಗಳನ್ನು ಕಳೆದವು. ಒಮ್ಮೆ ಮಂಚದ ಕೆಳಗೆ ಗುಡಿಸುವಾಗ ಮಗ ಸುಜನ್‌ನ ಹಳೆಯ ಪೆಟ್ಟಿಗೆ ಸಿಕ್ಕಿತು. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರಿ, ಅರ್ಧಕ್ಕೆ ಬಿಟ್ಟು, ಈಗ ನವಿ ಮುಂಬಯಿಯ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿದ್ದ. ರದ್ದಿಯವನಿಗೆ ಕೊಡೋಣವೆಂದು ಅವಳು ಪೆಟ್ಟಿಗೆ ತೆರೆದರೆ ಒಳಗೆ ಅರ್ಧ ಸುತ್ತಿದ ಒಂದು ಕಾಯಿಲ್, ತಾಮ್ರದ ತಂತಿಯ ಸುರುಳಿ, ಇತ್ತು. ಸುತ್ತುಗಳು ಒಂದರ ಮೇಲೊಂದು ಹತ್ತಿ, ಸಡಿಲಾಗಿ, ಬೆಕ್ಕು ಆಡಿ ಬಿಟ್ಟ ನೂಲಿನ ಹಾಗೆ. ಅದನ್ನು ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ. ಪೂರ್ತಿ ಬಿಚ್ಚಿ, ಎಳೆ ಎಳೆಯಾಗಿ ಒತ್ತಿ, ಮತ್ತೆ ಸುತ್ತಿದಳು. ಅಲ್ಲಿಂದ ಶುರುವಾದದ್ದು.

ಆಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತಳು. ನೆಟ್ಟಗಿರುವ ತಂತಿ ಬರೀ ತಂತಿ. ಅದನ್ನೇ ಸುತ್ತಿದರೆ ಅದಕ್ಕೊಂದು ಹಟ ಬರುತ್ತದೆ, ಸುತ್ತಮುತ್ತ ಒಂದು ಕಾಣದ ಹರವು ಬರುತ್ತದೆ, ದೂರದ ಇನ್ನೊಂದು ಕಾಯಿಲ್ ಆ ಹರವಿನೊಳಗೆ ಸಿಕ್ಕರೆ ಮುಟ್ಟದೆಯೇ ಮಿಡಿಯುತ್ತದೆ. ಇದು ಅವಳಿಗೆ ಎಷ್ಟು ಸಲ ಮಾಡಿ ನೋಡಿದರೂ ಹಳತಾಗಲಿಲ್ಲ. ಪುಟ್ಟ ರೇಡಿಯೊ ಮಾಡಿದಳು. ಮೇಜಿನ ಮೇಲಿಟ್ಟರೆ ತಂತಿಯಿಲ್ಲದೆ ಹತ್ತುವ ದೀಪ ಮಾಡಿದಳು. "ಸ್ವಿಚ್ ಒತ್ತಿದರೆ ಹತ್ತುವ ದೀಪ ಮನೆಯಲ್ಲಿ ಉಂಟಲ್ಲ ಜಲಜ" ಎಂದ ದೇಜಪ್ಪ.

ಮಾವನ ಕಿವಿಯ ವಿಷಯ ಬಂದದ್ದು ಹಿಂದಿನ ಶ್ರಾವಣದ ನಂತರ.

ಶ್ರಾವಣದ ಶನಿವಾರಗಳಂದು ಊರಿನವರ ಮಂಡಳಿ ಮನೆಮನೆಯಲ್ಲಿ ಶನಿಪೂಜೆ ಮಾಡಿ ಪಾರಾಯಣ ಇಟ್ಟುಕೊಳ್ಳುತ್ತಿತ್ತು. ಒಬ್ಬರು ಗ್ರಂಥದ ಪದ್ಯವನ್ನು ಹಾಡಿ ಓದುತ್ತಾರೆ, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುತ್ತಾರೆ. ಅಂಗಾರ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದ ಕಾಲದಿಂದಲೂ ಮಂಡಳಿಯ ಅರ್ಥಧಾರಿ. ಒಗ್ಗರಣೆ ಹಾಕಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು ಕೂತರೆ, ಕಷ್ಟಕ್ಕೆ ಬಿದ್ದ ರಾಜನ ಮಾತು ಅವರ ಬಾಯಲ್ಲಿ ಬಂದಾಗ ಹೆಂಗಸರು ಸೆರಗಿಗೆ ಕೈ ಹಾಕುತ್ತಿದ್ದರಂತೆ. ಕ್ಯಾಂಟೀನಿನ ಬಾಯ್ಲರ್ ಪಕ್ಕದಲ್ಲಿ ಕಳೆದ ವರ್ಷಗಳು ಕಿವಿಯನ್ನು ಮೆಲ್ಲಮೆಲ್ಲನೆ ತಿಂದವು. ಪದ್ಯಗಳೆಲ್ಲ ಬಾಯಿಪಾಠವಿದ್ದರೂ ಓದುವವನು ಎಲ್ಲಿ ನಿಲ್ಲಿಸಿದ ಎಂಬುದು ಕೇಳಬೇಕಲ್ಲ. ಆ ಸಲ ಕಲ್ಯಾಣದ ಒಂದು ಮನೆಯಲ್ಲಿ ರಾಜ ಇನ್ನೂ ಅರಮನೆಯಲ್ಲಿ ಊಟಕ್ಕೆ ಕೂತಿದ್ದ, ಅಂಗಾರ ಅವನನ್ನು ಆಗಲೇ ಕಾಡಿಗೆ ಅಟ್ಟಿಯಾಗಿತ್ತು. ಓದುತ್ತಿದ್ದ ರಂಜನ್, ಘೋಡಬಂದರ್ ರಸ್ತೆಯ ಮಾಲ್ ಒಂದರಲ್ಲಿ ಸೂಪರ್‌ವೈಸರ್, ಮೈಕಿನಲ್ಲೇ ಹೇಳಿದ:

"ಅಂಗಾರಣ್ಣ ಫಾಸ್ಟ್ ಲೋಕಲ್. ಸಣ್ಣ ಸ್ಟೇಷನ್‌ನಲ್ಲಿ ನಿಲ್ಲುವುದಿಲ್ಲ."

ಇಡೀ ಹಾಲ್ ನಕ್ಕಿತು. ಎಲ್ಲರೂ ನಗುವುದನ್ನು ಕಂಡು ಅಂಗಾರರೂ ನಕ್ಕರು. ರಿಕ್ಷಾದಲ್ಲಿ ಬರುವಾಗ "ಎಂಥ ಹೇಳಿದ ಅವನು?" ಎಂದು ಸೊಸೆಯನ್ನು ಕೇಳಿದರು. ಅವಳು "ಏನಿಲ್ಲ ಮಾವ" ಎಂದಳು. ದೇಜಪ್ಪ ಹೇಳಿಬಿಟ್ಟ, ಇನ್ನೊಮ್ಮೆ ನಗುತ್ತಾ. ಅಂದಿನಿಂದ ಮನೆಗೆ ಯಾರು ಬಂದರೂ ಅಂಗಾರ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಈ ವರ್ಷದ ಮೂರನೆಯ ಶನಿವಾರ ಪಾರಾಯಣ ಇವರ ಮನೆಯಲ್ಲಿ. ಅರ್ಥ ಹೇಳಲು ಥಾಣೆಯಿಂದ ಬೇರೆ ಯಾರನ್ನಾದರೂ ಕರೆಸುವುದಾ ಎಂದು ರಂಜನ್ ಫೋನ್ ಮಾಡಿದಾಗ ಜಲಜಾಕ್ಷಿ ಲೋಕಲ್‌ನಲ್ಲಿದ್ದಳು, ಒಂದು ಕಾಲಿನ ಮೇಲೆ, ಯಾರದೋ ಚೀಲ ಬೆನ್ನಿಗೆ ಚುಚ್ಚುತ್ತಿತ್ತು. "ಬೇಡ. ಮಾವನೇ ಹೇಳ್ತಾರೆ" ಎಂದಳು. ಮಾವನನ್ನು ಕೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಅವಳಿಗೆ ಹೊಳೆಯಿತು: ಈ ಸಲ ತಪ್ಪಿದರೆ ಆ ನಗು ಅವರ ಸ್ವಂತ ಮನೆಯಲ್ಲೇ ಕೇಳುತ್ತದೆ. ಆಮೇಲೆ ಅವರು ಆ ಕೋಣೆಯಿಂದ ಹೊರಗೆ ಬರಲಿಕ್ಕಿಲ್ಲ.

ಸಂಜೆ ಮಾವನಿಗೆ ಕೂಗಿ ಕೂಗಿ ಹೇಳಿದಾಗ ಅವರು, "ನಾನು ಆ ದಿನ ತಂಗಿಯ ಮನೆಗೆ ಹೋಗ್ತೇನೆ" ಎಂದರು.

"ಅವರೇ ಇಲ್ಲಿಗೆ ಪೂಜೆಗೆ ಬರ್ತಾರೆ ಮಾವ."

"ಹಾಗಾದರೆ ಅವಳ ಮನೆ ಖಾಲಿ ಉಂಟಲ್ಲ, ಇನ್ನೂ ಒಳ್ಳೆಯದು."

ಕಿವಿಯ ಯಂತ್ರ ಇತ್ತು, ಇಲ್ಲವೆಂದಲ್ಲ. ಆದರೆ ಜನ ತುಂಬಿದ ಹಾಲಿನಲ್ಲಿ ಅದು ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಪಕ್ಕದವರ ಕೆಮ್ಮು ಎಲ್ಲವನ್ನೂ ಒಟ್ಟಿಗೆ ಕಿವಿಗೆ ಸುರಿಯುತ್ತಿತ್ತು. ಯಂತ್ರ ಕೊಟ್ಟ ಹುಡುಗಿ ಆಗಲೇ ಒಂದು ಮಾತು ಹೇಳಿದ್ದಳು: ಇದರ ಬೆನ್ನಲ್ಲಿರುವ ಸಣ್ಣ ಗುಂಡಿಯನ್ನು 'ಟಿ'ಗೆ ತಂದರೆ ಯಂತ್ರದ ಮೈಕು ಮುಚ್ಚಿಕೊಂಡು ಒಳಗಿನ ಒಂದು ಪುಟ್ಟ ಕಾಯಿಲ್ ಎಚ್ಚರವಾಗುತ್ತದೆ. ಹಾಲಿನ ಸುತ್ತ ತಂತಿ ಹಾಯಿಸಿ, ಓದುವವರ ಮೈಕಿನ ಧ್ವನಿಯನ್ನು ಅದರಲ್ಲಿ ಹರಿಸಿದರೆ, ಆ ಸುತ್ತಿನೊಳಗೆ ಕೂತವರ ಕಿವಿಗೆ ಆ ಧ್ವನಿ ಒಂದೇ ಬರುತ್ತದೆ. ಜಲಜಾಕ್ಷಿಗೆ ಅಂದು ಬಿಲ್ಲಿನ ಮೊತ್ತ ಕೇಳಲಿಲ್ಲ. ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಾಯಿಲ್ ಇಷ್ಟು ದಿನ ಮಾವನ ಕಿವಿಯ ಹಿಂದೆ ಸುಮ್ಮನೆ ಕೂತು ಕಾಯುತ್ತಿದೆ ಎಂಬುದಷ್ಟೇ ಕೇಳಿತ್ತು.

ತಂತಿಗೆ ಅವಳು ಹೋಗುತ್ತಿದ್ದದ್ದು ಕಲ್ಯಾಣದ ಸಿದ್ರಾಮನ ಅಂಗಡಿಗೆ. ಸಿದ್ರಾಮ ಕಲಬುರಗಿ ಕಡೆಯವನು, ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ, ತಂತಿಯನ್ನು ತೂಕಕ್ಕೆ ಮಾರುತ್ತಿದ್ದ.

"ಏನ್ ಸುಟ್ತ್ರೀ ಅಕ್ಕಾರ? ಫ್ಯಾನಾ, ಮಿಕ್ಸರಾ?"

"ಏನೂ ಸುಟ್ಟಿಲ್ಲ. ಮಾವನಿಗೆ ಬೇಕು."

ಸಿದ್ರಾಮ ತಕ್ಕಡಿಯಿಂದ ತಲೆ ಎತ್ತಿದ. "ಮಾವಗ? ಕಟ್ಟಿಹಾಕಾಕಂದ್ರ ಇದು ಭಾಳ ಸಣ್ಣದಾತು ನೋಡ್ರಿ. ಹಗ್ಗದ ಅಂಗಡಿ ಆ ಕಡಿ ಐತಿ."

ಮೊದಲು ಅವಳು ಸೋಮಾರಿತನ ಮಾಡಿದಳು. ಹಾಲಿನ ಸುತ್ತ ಯಾರು ತಂತಿ ಎಳೆಯುವುದು ಎಂದು, ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಗೆ ತಂತಿ ಸುತ್ತಿ, ಮೆಲ್ಲನೆ ಜಾರಿಸಿ ತೆಗೆದು, ದಾರದಿಂದ ಅಲ್ಲಲ್ಲಿ ಬಿಗಿದು, ಚಕ್ರದಂಥ ಆ ಕಾಯಿಲನ್ನು ಮಾವನ ಕುರ್ಚಿಯ ಮೆತ್ತೆಯೊಳಗೆ ಇಟ್ಟಳು. ಅಂಗಾರ ಕೂತರು. ಗುಂಡಿ ತಿರುಗಿಸಿದರು. ಎದ್ದರು.

"ಕಿವಿಯೊಳಗೆ ಜೇನುಗೂಡು ಕಟ್ಟಿದ ಹಾಗೆ ಆಗ್ತದೆ."

"ಅದು ಟ್ಯೂಬ್‌ಲೈಟಿನ ಚೋಕು ಮಾವ. ಆರಿಸ್ತೇನೆ. ಮಾತು ಕೇಳ್ತದಾ?"

"ಮಾತು ಕೆಳಗಿನ ಮಾಳಿಗೆಯಿಂದ ಬಂದ ಹಾಗೆ ಉಂಟು. ಮತ್ತೆ ಈ ಮೆತ್ತೆ ಚುಚ್ಚುತ್ತದೆ. ಅಲ್ಲ, ಪಾರಾಯಣಕ್ಕೆ ನಾನು ಕುರ್ಚಿಯಲ್ಲಿ ಕೂರುವುದಾ? ದೇವರ ಎದುರು?"

ಅದು ಅವಳಿಗೆ ಹೊಳೆದೇ ಇರಲಿಲ್ಲ. ಅರ್ಥ ಹೇಳುವವರು ಕೂರುವುದು ನೆಲದ ಮೇಲೆ, ಚಾಪೆಯಲ್ಲಿ. ಅವಳು ಮೆತ್ತೆಯ ಹೊಲಿಗೆ ಬಿಚ್ಚಿ, ಕಾಯಿಲ್ ಬಿಚ್ಚಿ, ತಂತಿಯನ್ನು ಮತ್ತೆ ಪೌಡರ್ ಡಬ್ಬಿಗೆ ಸುತ್ತಿದಳು. ಆಫೀಸಿನಲ್ಲಿ ತಿಂಗಳ ಕೊನೆ, ಅಡುಗೆಮನೆಯಲ್ಲಿ ಪೂಜೆಯ ತಯಾರಿ, ನಡುವೆ ಇದು. ಬುಧವಾರ ಊಟ ಬಡಿಸುವಾಗ ಗಂಡನಿಗೆ ಹೇಳಿದಳು:

"ನಾಳೆ ನಿಮಗೆ ರಜೆ. ಹಾಲಿನ ಸುತ್ತ ಗೋಡೆಯ ಬುಡದಲ್ಲಿ ಈ ತಂತಿ ಹಾಯಿಸಿ. ಮುಂಬಾಗಿಲಿನ ಎಡಗಡೆಯಿಂದ ಶುರು ಮಾಡಿ. ಎರಡು ಸುತ್ತು. ಎರಡೇ. ಎರಡು ತುದಿಯೂ ಹೊರಟಲ್ಲಿಗೇ ಬಂದು ಸೇರಬೇಕು. ತಂತಿ ಗೀರಬಾರದು, ಅದರ ಮೇಲಿನ ಬಣ್ಣವೇ ಅದರ ಬಟ್ಟೆ."

"ಇಷ್ಟೇ ಅಲ್ವಾ? ಹೋಟೆಲಿನಲ್ಲಿ ಇಡೀ ಗಣೇಶ ಚೌತಿಯ ಲೈಟಿಂಗ್ ಮಾಡಿಸಿದವನು ನಾನು."

"ಮಾಡಿಸಿದ್ದು. ಇದು ಮಾಡುವುದು."

ಗುರುವಾರ ಅವಳು ಬಂದು ನೋಡುವಾಗ ಕೆಲಸ ಚೆನ್ನಾಗಿಯೇ ಆಗಿತ್ತು, ಅದನ್ನು ಒಪ್ಪಬೇಕು. ಗೋಡೆಯ ಬುಡದಲ್ಲಿ ಎರಡು ಎಳೆ, ಜೋಡಿಯಾಗಿ, ಅಲ್ಲಲ್ಲಿ ಟೇಪು ಅಂಟಿಸಿ, ಹೊಸ್ತಿಲಿಲ್ಲದ ಒಳಬಾಗಿಲುಗಳಲ್ಲಿ ನೆಲಕ್ಕೇ ಒತ್ತಿ. ಸೋಫಾದ ಹಿಂದೆ, ಟಿವಿಯ ಹಿಂದೆ, ಎಲ್ಲೂ ಜೋಲು ಬಿದ್ದಿರಲಿಲ್ಲ. ಎರಡು ತುದಿಗಳೂ ಬಾಗಿಲಿನ ಎಡಕ್ಕೆ ಬಂದು ಸುರುಳಿಯಾಗಿ ಕೂತಿದ್ದವು.

"ಎರಡು ಸುತ್ತು?"

"ಲೆಕ್ಕ ಹಾಕಿ ಎರಡು. ಅಪ್ಪ ಇಡೀ ಹೊತ್ತು ಕುರ್ಚಿಯಲ್ಲಿ ಕೂತು ನೋಡಿದ್ದಾರೆ, ಬೇಕಾದರೆ ಅವರನ್ನೇ ಕೇಳು."

ಶುಕ್ರವಾರ ಆಫೀಸಿನಿಂದ ಬೇಗ ಬಂದಳು. ತುದಿಗಳ ಬಣ್ಣ ಕೆರೆದು, ಹಳೆಯ ಕಂಪ್ಯೂಟರ್ ಸ್ಪೀಕರಿನಿಂದ ತೆಗೆದ ಆಂಪ್ಲಿಫೈಯರಿಗೆ ಬೆಸೆದಳು. ಮೀಟರ್ ಇಟ್ಟು ನೋಡಿದರೆ ತಂತಿಯ ಅಳತೆ ಸ್ಪೀಕರಿಗೆ ಎಷ್ಟಿರಬೇಕೋ ಅಷ್ಟೇ. ಮೊಬೈಲಿನಲ್ಲಿ ಒಂದು ಭಜನೆ ಹಾಕಿ, ಹಾಲಿನ ನಡುವೆ ನಿಂತು, ತಾನೇ ಸುತ್ತಿದ ಪರೀಕ್ಷೆಯ ಕಾಯಿಲನ್ನು ಕೈಯಲ್ಲಿ ಹಿಡಿದು, ಅದರ ಇಯರ್‌ಫೋನ್ ಕಿವಿಗೆ ಹಾಕಿಕೊಂಡಳು.

ಲೋಕಲ್ ಒಂದು ಸ್ಟೇಷನ್ ಬಿಟ್ಟು ಹೊರಟ ಗುಂಯ್ಗುಡುವಿಕೆ ಕೇಳಿತು. ಅದು ಆ ಮನೆಯಲ್ಲಿ ಎಂದೂ ತಪ್ಪದ ಸದ್ದು, ಹಳಿಯ ಮೇಲಿನ ದೊಡ್ಡ ತಂತಿಯದು. ಭಜನೆ ಇರಲಿಲ್ಲ.

ಬೆಸುಗೆ ಬಿಚ್ಚಿ ಮತ್ತೆ ಬೆಸೆದಳು. ಇರಲಿಲ್ಲ. ಆಂಪ್ಲಿಫೈಯರಿಗೆ ಬೇರೆ ಸ್ಪೀಕರ್ ಹಾಕಿದರೆ ಭಜನೆ ಮನೆ ತುಂಬ ಮೊಳಗಿತು. ತಂತಿಗೆ ಹಾಕಿದರೆ ಮೌನ. ಆಂಪ್ಲಿಫೈಯರ್ ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಅಂದರೆ ತಂತಿಯಲ್ಲಿ ಕರೆಂಟು ಹೋಗುತ್ತಿದೆ, ಬರುತ್ತಿದೆ, ಹಾಲಿನಲ್ಲಿ ಧ್ವನಿ ಮಾತ್ರ ಇಲ್ಲ. ಸುಜನ್‌ಗೆ ಫೋನ್ ಮಾಡಿದರೆ ಅವನು ಯಾವುದೋ ಮದುವೆಯ ನಾಲ್ಕುನೂರು ಜನರ ಊಟದ ನಡುವೆ ಇದ್ದ. "ಅಮ್ಮ, ಒಮ್ಮೆ ಆಫ್ ಮಾಡಿ ಆನ್ ಮಾಡು" ಎಂದ. ಅದಕ್ಕೆ ಡಿಪ್ಲೊಮಾ ಬೇಕಿರಲಿಲ್ಲ.

"ಮಮ್ಮಿ, ಛೋಡೋ ನಾ" ಎಂದಳು ನಿಕಿತಾ ಸೋಫಾದಿಂದ. "ಬ್ಲೂಟೂತ್ ಲೇ ಲೋ ಅಜ್ಜಾ ಕೇ ಲಿಯೇ."

"ಅಜ್ಜನ ಯಂತ್ರದಲ್ಲಿ ಬ್ಲೂಟೂತ್ ಇಲ್ಲ."

"ತೋ ನಯಾ ಯಂತ್ರ."

ಜಲಜಾಕ್ಷಿ ಮೊಣಕಾಲೂರಿ ಗೋಡೆಯುದ್ದಕ್ಕೂ ತೆವಳಿದಳು. ಕಾಯಿಲನ್ನು ತಂತಿಗೇ ತಾಗಿಸಿದರೆ ಇರುವೆ ಅಳುವಷ್ಟು ಸಣ್ಣದಾಗಿ ಏನೋ ಕೇಳುತ್ತಿತ್ತು, ಒಂದು ಗೇಣು ಎತ್ತಿದರೆ ಅದೂ ಇಲ್ಲ. ಅಂಗಾರ ಕುರ್ಚಿಯಿಂದ ಅವಳು ತೆವಳುವುದನ್ನೇ ನೋಡುತ್ತಿದ್ದರು. ಯಂತ್ರ ಹಾಕಿರಲಿಲ್ಲ. ಬ್ಯಾಟರಿ ಖರ್ಚಾಗುತ್ತದೆಂದು ಅದನ್ನು ತೆಗೆದು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವುದು ಅವರ ಕ್ರಮ.

ಶನಿವಾರ ಬೆಳಿಗ್ಗೆ ನೆಲ ಒರೆಸುತ್ತಿರುವಾಗಲೂ ಅವಳ ತಲೆಯಲ್ಲಿ ಅದೇ. ಹೂವು, ಬಾಳೆ ಎಲೆ, ಮಾವಿನ ಎಲೆಯ ಕಟ್ಟು ಹೊತ್ತುಕೊಂಡು ದೇಜಪ್ಪ ಪೇಟೆಯಿಂದ ಬಂದ. ಚೀಲ ಇಳಿಸಿ, ಬಾಗಿಲಲ್ಲಿ ನಿಂತು, ತನ್ನ ಗುರುವಾರದ ಕೆಲಸವನ್ನು ಇನ್ನೊಮ್ಮೆ ಕಣ್ಣು ತುಂಬ ನೋಡಿದ.

"ನೋಡು ಜಲಜ, ಬಂದವರಿಗೆ ಗೊತ್ತೇ ಆಗುವುದಿಲ್ಲ. ಬಾಗಿಲ ಹತ್ತಿರ ಒಂದು ಚೂರು ತಂತಿ ಕಾಣುವುದಿಲ್ಲ."

ಜಲಜಾಕ್ಷಿ ಒರೆಸುವುದನ್ನು ನಿಲ್ಲಿಸಿದಳು.

"ಯಾಕೆ ಕಾಣುವುದಿಲ್ಲ? ಬಾಗಿಲು ಹೇಗೆ ದಾಟಿಸಿದಿರಿ?"

"ದಾಟಿಸಲಿಲ್ಲ."

"ದಾಟಿಸದೆ ಎರಡು ಸುತ್ತು ಎಲ್ಲಿಂದ ಬಂತು?"

"ಮುಂಬಾಗಿಲ ಹೊಸ್ತಿಲ ಮೇಲೆ ತಂತಿ ಬರಬಾರದು ಅಂತ ಅಪ್ಪ ಹೇಳಿದರು. ಹಾಗೆ ಇಲ್ಲಿ ಎಡದಿಂದ ಹೊರಟೆ, ಇಡೀ ಹಾಲ್ ಸುತ್ತಿ ಬಲಗಡೆಗೆ ಬಂದೆ. ಬಾಗಿಲು ಬಂತು. ಅಲ್ಲಿಂದ ತಿರುಗಿ ಬಂದ ದಾರಿಯಲ್ಲೇ ವಾಪಸ್ ಎಡಕ್ಕೆ. ಹೋಗುವುದು ಒಂದು, ಬರುವುದು ಒಂದು. ಎರಡು. ಈಶ್ವರ ದೇವಸ್ಥಾನದಲ್ಲಿ ನಾವು ಬರುವುದಿಲ್ವಾ, ಹಾಗೆ."

ಊರಿನ ಈಶ್ವರ ದೇವಸ್ಥಾನದಲ್ಲಿ ಅಭಿಷೇಕದ ನೀರು ಹರಿದುಹೋಗುವ ಜಾಗವನ್ನು ಯಾರೂ ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ತಿರುಗಿ, ಆಚೆ ಬದಿಯ ತನಕ ಬಂದರೆ ಅದೇ ಪ್ರದಕ್ಷಿಣೆ. ಚಿಕ್ಕಂದಿನಿಂದ ಹಾಗೆ ನಡೆದ ಕಾಲು ದೇಜಪ್ಪನದು. ತಂತಿಯ ತುದಿ ಹಿಡಿದಾಗಲೂ ಹಾಗೆಯೇ ನಡೆದಿತ್ತು. ಉದ್ದ ಸರಿ, ಮೀಟರ್ ಸರಿ, ತುದಿಗಳು ಸೇರಿದ್ದು ಸರಿ. ಒಂದು ಎಳೆ ಹೇಳುತ್ತಾ ಹೋದದ್ದನ್ನು ಪಕ್ಕದ ಎಳೆ ಅಲ್ಲ ಅಲ್ಲ ಎನ್ನುತ್ತಾ ಹಿಂದಕ್ಕೆ ಬರುತ್ತಿತ್ತು, ಅಷ್ಟೇ.

ಜಲಜಾಕ್ಷಿ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ನಿನ್ನೆ ಸಂಜೆ ಪೂರ್ತಿ, ಎರಡು ಸಲ ಬೆಸುಗೆ, ಸುಟ್ಟ ಹೆಬ್ಬೆರಳು.

"ಪುಣ್ಯ ಬಂದಿರಬಹುದು ನಿಮಗೆ. ಶಬ್ದ ಬರುವುದಿಲ್ಲ."

"ಮತ್ತೆ ನೀನು ಸರಿಯಾಗಿ ಹೇಳಬೇಕಿತ್ತು. ಸುತ್ತು ಅಂದರೆ ಎಂಥ ಸುತ್ತು ಅಂತ."

"ಬಾಯಿ ಮುಚ್ಚಿಕೊಂಡು ಆ ಕತ್ತರಿ ಕೊಡಿ."

ದಾರಿ ಅವಳಿಗೆ ಕೂಡಲೇ ಕಂಡಿತು. ಬಲಗಡೆ ತಂತಿ ತಿರುಗುವಲ್ಲಿ ಕತ್ತರಿಸಿ, ಆ ಎರಡು ತುದಿಗಳಿಗೆ ಉಳಿದ ತಂತಿ ಸೇರಿಸಿ, ಬಾಗಿಲು ದಾಟಿಸಿ ಎಡಕ್ಕೆ ತಂದು ಸರಿಯಾಗಿ ಜೋಡಿಸಿದರೆ ಎರಡು ಎಳೆಯೂ ಒಂದೇ ದಿಕ್ಕಿಗೆ ಹರಿಯುತ್ತವೆ. ಹೊಸ್ತಿಲ ಮೇಲೆ ಬೇಡ, ಬಾಗಿಲ ಚೌಕಟ್ಟಿನ ಮೇಲಿಂದ ಹೋಗಲಿ. ಅಷ್ಟನ್ನು ಮಾವನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಅಂಗಾರ ತಲೆ ಅಲ್ಲಾಡಿಸಿದರು. "ಬೇಡ. ಪೂಜೆಯ ದಿನ ತಂತಿಯ ಕೆಳಗೆ ದೇವರನ್ನು ಒಳಗೆ ತರುವುದಾ? 
ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ತಂದ ಹಾಗೆ ಆಯ್ತು."

"ಮಾವ, ಇದು ನಿಮಗೋಸ್ಕರ."

"ನಾನು ಕೇಳಿದ್ದೆನಾ?"

ಅವರು ಕೇಳಿರಲಿಲ್ಲ, ನಿಜ. ಲೋಕಲ್‌ನಲ್ಲಿ ಒಂದು ಕಾಲಿನ ಮೇಲೆ ನಿಂತು ಮಾತು ಕೊಟ್ಟವಳು ಅವಳು. ಸಂಜೆ ಜನ ಬರುತ್ತಾರೆ, ರಂಜನ್ ಮೈಕ್ ಹಿಡಿದು ಬರುತ್ತಾನೆ, ಮಾವ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ, ಅರ್ಥ ಹೇಳುವವರಿಲ್ಲದೆ ಬರೀ ಪದ್ಯ ಓದಿ ಮುಗಿಸಿ ಎಲ್ಲರೂ ಪ್ರಸಾದ ತಿಂದು ಹೋಗುತ್ತಾರೆ. ಅವಳು ಎದ್ದು ಅಡುಗೆಮನೆಗೆ ಹೋದಳು. ರವೆ ಹುರಿಯಲು ಇಟ್ಟಳು, ಆರಿಸಿದಳು, ಮಾವಿನ ಎಲೆಯ ಕಟ್ಟು ಹಿಡಿದುಕೊಂಡು ಹೊರಗೆ ಬಂದು ಮತ್ತೆ ಮಾವನ ಕಿವಿಗೆ ಬಾಗಿದಳು.

"ಮಾವ, ತೋರಣ ಕಟ್ಟಬಹುದಲ್ವಾ ಬಾಗಿಲಿಗೆ?"

"ತೋರಣ ಕಟ್ಟದೆ ಪೂಜೆ ಉಂಟಾ?"

"ದಾರ ಮುಗಿದಿದೆ. ತಂತಿಯಲ್ಲಿ ಕಟ್ತೇನೆ."

ಅಂಗಾರ ಅವಳನ್ನು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ನೋಡಿದರು.

"ದಾರದ ಉಂಡೆ ಅಲ್ಲಿ ಮೊಳೆಯಲ್ಲಿ ನೇತಾಡುತ್ತಾ ಉಂಟು."

"ಅದು ಹಳೆಯದು. ಗಟ್ಟಿ ಇಲ್ಲ."

ಒಂದು ಲೋಕಲ್ ಬಂದು, ನಿಂತು, ಹೊರಡುವ ತನಕ ಅವರು ಎಲೆಯ ಕಟ್ಟನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ದೇಜಪ್ಪ ಬಾಯಿ ತೆರೆದ; ಜಲಜಾಕ್ಷಿ ಅವನ ಕಡೆ ನೋಡಿದಳು; ಮುಚ್ಚಿದ.

"ಎಲೆ ಒತ್ತೊತ್ತಾಗಿ ಕಟ್ಟು" ಎಂದರು ಅಂಗಾರ. "ಸಂದಿಯಲ್ಲಿ ತಂತಿ ಕಾಣಬಾರದು."

ಅವಳು ಎರಡು ಎಳೆಯ ಮೇಲೆ ಎಲೆ ಮಡಚಿ, ತೆಂಗಿನ ಹಿಡಿಕಡ್ಡಿ ಚುಚ್ಚಿ, ಒಂದರ ಪಕ್ಕ ಒಂದು ಒತ್ತಿ ಕೂರಿಸಿದಳು. ಕಡ್ಡಿಯ ತುದಿ ತಂತಿಯ ಬಣ್ಣ ಗೀರದಂತೆ ಪ್ರತಿ ಎಲೆಗೂ ಉಸಿರು ಹಿಡಿದಳು. ಚೌಕಟ್ಟಿನ ಮೇಲೆ ಕಟ್ಟಿ, ತುದಿಗಳನ್ನು ಕೆರೆದು, ಬೆಸೆದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಮೊಬೈಲಿನ ಭಜನೆ ಹಾಕಿ ಹಾಲಿನ ನಡುವೆ ನಿಂತಳು. ಕಿವಿಯಲ್ಲಿ ತಾಳದ ಸದ್ದು ಪಕ್ಕದಲ್ಲೇ ಯಾರೋ ಕೂತು ತಟ್ಟಿದಂತೆ ಕೇಳಿತು. ಅವಳು ಹಾಗೆಯೇ ನಿಂತಳು, ಒಂದು ಚರಣ ಮುಗಿಯುವ ತನಕ.

"ಮಾವ, ಒಮ್ಮೆ ಹಾಕಿ ನೋಡಿ."

"ಬ್ಯಾಟರಿ ಯಾಕೆ ಸುಮ್ಮನೆ ಖರ್ಚು? ಆ ಹೊತ್ತಿಗೆ ನೋಡುವ." ಅವರು ಮಲಗಲು ಹೋದರು.

ಸಂಜೆ ಮಂಡಳಿಯವರು ಬಂದರು. ತೋರಣ ಚೆಂದ ಉಂಟು ಎಂದು ಇಬ್ಬರು ಹೆಂಗಸರು ಹೇಳಿದರು, ಒಬ್ಬರು ಎಲೆ ಸರಿಮಾಡಲು ಕೈ ಎತ್ತಿದರು, ಜಲಜಾಕ್ಷಿ ಓಡಿಬಂದು ಆ ಕೈಗೆ ಅರಿಶಿನ ಕುಂಕುಮದ ತಟ್ಟೆ ಕೊಟ್ಟಳು. ಪೂಜೆ ಮುಗಿಯಿತು. ರಂಜನ್ ಮೈಕ್ ಇಟ್ಟುಕೊಂಡು ಚಾಪೆಯ ಮೇಲೆ ಕೂತ. ಜಲಜಾಕ್ಷಿ ಮೈಕಿನ ತಂತಿಯನ್ನು ತನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ಅವಳು ಟ್ಯೂಬ್‌ಲೈಟ್ ಆರಿಸಿ ಸಣ್ಣ ಬಲ್ಬುಗಳನ್ನು ಹಾಕಿದಳು. ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಎಲ್ಲರೂ ಅದನ್ನು ನೋಡಿಯೂ ನೋಡದಂತೆ ಇದ್ದರು. ಕೊನೆಗೆ ಬಾಗಿಲು ತೆರೆಯಿತು. ಅಂಗಾರ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲ ಮೇಲೆ ಶಾಲು ಹಾಕಿಕೊಂಡು ಬಂದು ರಂಜನ್‌ನ ಎದುರು ಕೂತರು.

"ಟಿ-ಗೆ ಹಾಕಿದ್ದೀರಾ?" ಜಲಜಾಕ್ಷಿ ಬಾಗಿ ಕೇಳಿದಳು. ಅವರು ನೊಣ ಓಡಿಸಿದಂತೆ ಕೈ ಬೀಸಿದರು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

ರಂಜನ್ ಹಾಡಿ ಓದಿದ. ಅವನ ಕಂಠ ಚೆನ್ನಾಗಿತ್ತು, ಅವನಿಗೂ ಅದು ಗೊತ್ತಿತ್ತು. ಪುಟ ತಿರುಗಿಸಿದ, ಇನ್ನೆರಡು ಸಾಲು ಏರಿಸಿ ಇಳಿಸಿ, ನಿಲ್ಲಿಸಿ, ಅಂಗಾರರ ಕಡೆ ನೋಡಿದ.

ಅಂಗಾರ ಮಾತಾಡಲಿಲ್ಲ.

ಹಾಲಿನಲ್ಲಿ ಯಾರೋ ಬಳೆ ಸರಿಮಾಡಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಜಲಜಾಕ್ಷಿ ಆಂಪ್ಲಿಫೈಯರಿನ ಕೆಂಪು ದೀಪ ನೋಡಿದಳು, ಉರಿಯುತ್ತಿತ್ತು. ಬೆಸುಗೆ ನೋಡಿದಳು, ಗಟ್ಟಿ ಇತ್ತು. ಮಾವನ ಮುಖ ನೆಲದ ಕಡೆ ಬಾಗಿತ್ತು. ಕಲ್ಯಾಣದಿಂದ ಬಂದ ಒಬ್ಬರು ಪಕ್ಕದವರ ಮೊಣಕೈ ತಿವಿದರು. ರಂಜನ್‌ನ ತುಟಿಯ ಒಂದು ಬದಿ ಮೇಲೆದ್ದಿತು. ಅವನು ಇನ್ನೇನು ಮೈಕಿಗೆ ಬಾಗುತ್ತಾನೆ ಎನ್ನುವಾಗ ಅಂಗಾರ ಗಂಟಲು ಸರಿಮಾಡಿಕೊಂಡರು.

"ರಂಜನ, ಪುಟ ತಿರುಗಿಸುವಾಗ ಒಂದು ಸಾಲು ನುಂಗಿದೆ ನೀನು."

ರಂಜನ್ ಪುಸ್ತಕ ನೋಡಿದ.

"ರಾಣಿ ಬಾಗಿಲ ತನಕ ಬಂದು ನಿಂತದ್ದು ಎಲ್ಲಿ ಹೋಯ್ತು? ಅವಳು ಬಾರದೆ ರಾಜ ಯಾರಿಗೆ ಮಾತು ಹೇಳುವುದು? ಇನ್ನೊಮ್ಮೆ ಓದು. ಬಾಯಿ ಬಿಟ್ಟು ಓದು."

ರಂಜನ್ ಒಂದು ಪುಟ ಹಿಂದಕ್ಕೆ ತಿರುಗಿಸಿದ. ಅಲ್ಲಿ ಬೆರಳಿಟ್ಟು ನೋಡಿ, ಕಿವಿಯ ತುದಿ ಕೆಂಪಾಗಿ, ಬಿಟ್ಟ ಸಾಲನ್ನು ಸೇರಿಸಿ ಮತ್ತೆ ಓದಿದ. ಈ ಸಲ ಏರಿಳಿತ ಕಮ್ಮಿ ಇತ್ತು, ಅಕ್ಷರ ಸ್ಪಷ್ಟವಿತ್ತು. ಅವನು ನಿಲ್ಲಿಸಿದ ಉಸಿರಿನ ಹಿಂದೆಯೇ ಅಂಗಾರ ಶಾಲನ್ನು ಹೆಗಲಿಗೆ ಏರಿಸಿ ಶುರು ಮಾಡಿದರು. ರಾಣಿಗೆ ಹೇಳುವಂತೆ, ಮೆಲ್ಲಗೆ. ಮುಂದೆ ಕೂತಿದ್ದ ಅವರ ತಂಗಿ ಸೆರಗು ಕೈಗೆ ತೆಗೆದುಕೊಂಡರು.

ಜಲಜಾಕ್ಷಿ ಅಡುಗೆಮನೆಯ ಬಾಗಿಲ ಗೋಡೆಗೆ ಒರಗಿದಳು. ದೇಜಪ್ಪ ಪಕ್ಕಕ್ಕೆ ಬಂದು ನಿಂತು, ಎದೆ ಮುಂದೆ ಮಾಡಿ, ಅವಳ ಕಿವಿಯಲ್ಲಿ ಹೇಳಿದ:

"ನೋಡಿದ್ಯಾ? ನನ್ನ ತಂತಿ."

"ಒಲೆಯ ಮೇಲೆ ಶೀರಾ ತಳ ಹಿಡೀತಾ ಉಂಟು" ಎಂದಳು ಜಲಜಾಕ್ಷಿ, ಕಣ್ಣನ್ನು ಮಾವನಿಂದ ತೆಗೆಯದೆ. "ಹೋಗಿ ತಿರುವಿ. ಒಂದೇ ದಿಕ್ಕಿಗೆ."